ಸಹಾಯ ಬೇಕು: ಫ್ಯೂಚುರಾ ಜೊತೆ ಹೊಂದುವ ದಪ್ಪ ಕನ್ನಡ ಫಾಂಟ್ ಯಾವುದು?

ನಮಸ್ಕಾರ. ಇಳಕಲ್‌ನಲ್ಲಿ ಅಕ್ಕನ ಸೀರೆ ಅಂಗಡಿಗೆ 10 ಅಡಿ ಬೋರ್ಡ್ ಮಾಡುತ್ತಿದ್ದೇನೆ. ಇಂಗ್ಲಿಷ್ ಹೆಸರು ಫ್ಯೂಚುರಾ ಬೋಲ್ಡ್ ಎಂಬ ದಪ್ಪ ಇಂಗ್ಲಿಷ್ ಫಾಂಟ್‌ನಲ್ಲಿದೆ, ಅದರ 'ಓ' ಬಳೆಯಷ್ಟು ದುಂಡಗೆ. ಬೋರ್ಡಿನಲ್ಲಿ ಶೇ 60 ಕನ್ನಡವೇ ಇರಬೇಕು. ಅದು ಸಪ್ಪೆ ಕಾಣಬಾರದು ಅಲ್ವಾ?

ಪಾಪಿನ್ಸ್ ಫಾಂಟ್‌ನಲ್ಲಿ ದೇವನಾಗರಿ ಇದೆ, ಕನ್ನಡ ಇಲ್ಲ. ಬಾಲೂ ತಮ್ಮ ದಪ್ಪಗಿದೆ, ಆದರೆ ಅಂಚೆಲ್ಲ ಮೆತ್ತಗೆ. ಅನೇಕ್ ಕನ್ನಡ ಎಕ್ಸ್‌ಟ್ರಾಬೋಲ್ಡ್ ಹತ್ತಿರ ಬಂತು. ಇನ್ನೂ ದಪ್ಪ ಬೇಕು ಅಂತ ಸುತ್ತ ಔಟ್‌ಲೈನ್ ಕೊಟ್ಟೆ, ಅಲ್ಲೇ ಕೆಟ್ಟಿತು. 'ವಸ್ತ್ರ'ದ ಎರಡೂ ಒತ್ತು ಅಂಟಿಕೊಂಡು ಮುದ್ದೆಯಾದವು, 'ವ'ದ ಹೊಟ್ಟೆ ಮುಚ್ಚಿಹೋಯಿತು. ಶನಿವಾರ ಅಕ್ರಿಲಿಕ್ ಕಟಿಂಗ್‌ಗೆ ಕೊಡಬೇಕು.

ಔಟ್‌ಲೈನ್ ಇಲ್ಲದೆ ಇಷ್ಟು ದಪ್ಪ ಬರುವ, ಒತ್ತು ಬಿಡಿಯಾಗಿ ಕಾಣುವ ಯೂನಿಕೋಡ್ ಕನ್ನಡ ಫಾಂಟ್ ಯಾವುದಿದೆ? ಇಲ್ಲದಿದ್ದರೆ ಒತ್ತುಗಳನ್ನಷ್ಟೇ ಸ್ವಲ್ಪ ತೆಳುವಾಗಿ ಇಡಬಹುದೇ? ಬೋರ್ಡ್ ಮಾಡಿ ಅನುಭವ ಇರುವವರು ದಯವಿಟ್ಟು ತಿಳಿಸಿ.