ನಿಂತಿದ್ದವಳಿಗೇ ಫೌಲ್ ಯಾಕೆ ಸರ್?

ಪ್ರಶ್ನೆ: ನಮಸ್ಕಾರ ಸರ್. ನನ್ನ ಮಗಳು ಜಯನಗರದ ಕಡೆ ಬ್ಯಾಸ್ಕೆಟ್‌ಬಾಲ್ ಆಡುತ್ತಾಳೆ. ಭಾನುವಾರದ ಮ್ಯಾಚ್‌ನಲ್ಲಿ ಇವಳು ಸುಮ್ನೆ ರಿಂಗ್ ಹತ್ತಿರ ನಿಂತಿದ್ದಳು. ಎದುರು ಟೀಮಿನ ಹುಡುಗಿ ಓಡಿ ಬಂದು ಲೇಅಪ್‌ಗೆ (ಹತ್ತಿರದಿಂದ ಬಾಲನ್ನು ರಿಂಗ್‌ಗೆ ಹಾಕೋಕೆ) ಹಾರಿ ಇವಳ ಮೇಲೇ ಬಿದ್ದಳು. ಫೌಲ್ ಕೊಟ್ಟಿದ್ದು ಮಾತ್ರ ಇವಳಿಗೆ! ಐದನೇ ಫೌಲ್ ಬೇರೆ, ಆಟದಿಂದಲೇ ಹೊರಗೆ. ರಾತ್ರಿ ಊಟ ಕೂಡ ಮಾಡಲಿಲ್ಲ ಸರ್. ಬಂದು ಗುದ್ದಿದವಳಿಗಲ್ವಾ ಫೌಲ್ ಕೊಡಬೇಕಾದ್ದು?

ಉತ್ತರ: ಮೇಡಂ, ಮಗುವಿನ ಬೇಜಾರು ಅರ್ಥವಾಗುತ್ತೆ. ಆದರೆ ಯಾರು ಗುದ್ದಿದರು, ಯಾರು ಬಿದ್ದರು ಅನ್ನೋದನ್ನು ನಾವು ರೆಫರಿಗಳು ಮೊದಲು ನೋಡುವುದಿಲ್ಲ. ಆ ಜಾಗ ಮೊದಲು ಯಾರದಾಗಿತ್ತು ಅಂತ ನೋಡುತ್ತೇವೆ. ಅದಕ್ಕೇ ನನ್ನ ಕಣ್ಣು ಬಾಲ್ ಮೇಲಲ್ಲ, ತಡೆಯುವವರ ಕಾಲ ಮೇಲಿರುತ್ತೆ. ತಡೆಯುವವಳು ಎದುರಾಳಿಗೆ ಮುಖ ಮಾಡಿ ಎರಡೂ ಕಾಲು ನೆಲಕ್ಕೂರಿ ನಿಂತರೆ ಆ ಜಾಗ ಅವಳದಾಯಿತು, ಆಮೇಲೆ ಅವಳು ಪಕ್ಕಕ್ಕೆ ಅಥವಾ ಹಿಂದಕ್ಕೆ ಸರಿದರೂ ತಪ್ಪಿಲ್ಲ, ಕಲ್ಲಿನ ಹಾಗೆ ನಿಂತೇ ಇರಬೇಕು ಅನ್ನೋದು ತಪ್ಪು ತಿಳಿವಳಿಕೆ. ಆಗ ಬಾಲ್ ಹಿಡಿದವಳು ಎದೆಗೆ ಬಂದು ಗುದ್ದಿದರೆ ಅದು ಚಾರ್ಜಿಂಗ್, ಫೌಲ್ ಅವಳದು. ಆದರೆ ಎದುರಾಳಿ ನೆಲ ಬಿಟ್ಟು ಹಾರಿದ ಮೇಲೆ ತಡೆಯುವವಳು ಅವಳ ದಾರಿಗೆ ಬಂದರೆ ಅದು ಬ್ಲಾಕಿಂಗ್, ಫೌಲ್ ತಡೆಯುವವಳದು. ಹಾರಿದವಳಿಗೆ ಇಳಿಯಲು ಜಾಗ ಬೇಕಲ್ವಾ? ಗಾಳಿಯಲ್ಲಿ ದಾರಿ ಬದಲಿಸೋಕಾಗಲ್ಲ, ಮಂಡಿ ಪಾದಕ್ಕೆಲ್ಲಾ ಪೆಟ್ಟಾಗುವುದು ಅಲ್ಲೇ.

ಇನ್ನೊಂದು. ರಿಂಗ್ ಕೆಳಗೆ 1.25 ಮೀಟರ್ ತ್ರಿಜ್ಯದ ಅರ್ಧವೃತ್ತ ಇರುತ್ತೆ. ತಡೆಯುವವಳ ಒಂದು ಪಾದ ಅದರೊಳಗಿದ್ದರೂ, ಹೀಗೆ ನುಗ್ಗಿ ಹಾರಿ ಬಂದವಳ ಮೇಲೆ ಚಾರ್ಜಿಂಗ್ ಕೊಡುವುದಿಲ್ಲ, ಹಾರಿ ಬಂದವಳು ಕೈ ಕಾಲು ಚಾಚಿ ತಳ್ಳದಿದ್ದರೆ. ನಮ್ಮ ಎಷ್ಟೋ ಸಿಮೆಂಟ್ ಕೋರ್ಟ್‌ಗಳಲ್ಲಿ ಆ ಗೆರೆಯೇ ಅಳಿಸಿ ಹೋಗಿರುತ್ತೆ, ಮಕ್ಕಳಿಗೆ ಹೇಗೆ ಗೊತ್ತಾಗಬೇಕು ಹೇಳಿ? ನನಗೆ ನಿಜವಾಗಿ ಸಿಟ್ಟು ಬರೋದು ಅದಕ್ಕೇ.

ಮತ್ತೊಬ್ಬರು: ಸರ್, ಟಿವಿಯಲ್ಲಿ ಆರು ಫೌಲ್‌ವರೆಗೂ ಆಡುತ್ತಾರಲ್ಲ?

ಉತ್ತರ: ಅದು ಅಮೆರಿಕದ ಎನ್‌ಬಿಎ ಲೀಗ್, 48 ನಿಮಿಷದ ಆಟ. ಇಲ್ಲಿ ಅಂತರರಾಷ್ಟ್ರೀಯ ಬ್ಯಾಸ್ಕೆಟ್‌ಬಾಲ್ ಸಂಸ್ಥೆ ಫಿಬಾದ ನಿಯಮ, 40 ನಿಮಿಷಕ್ಕೆ ಐದು ಫೌಲ್.

ಪ್ರಶ್ನೆ ಕೇಳಿದವರು: ಸರ್, ಮಗಳನ್ನು ಕೂರಿಸಿಕೊಂಡು ಕೇಳಿದೆ. "ಅವಳು ಹಾರಿದಾಗ ನಾನು ಇನ್ನೂ ಪಕ್ಕಕ್ಕೆ ಸರಿಯುತ್ತಿದ್ದೆ ಅಮ್ಮ" ಅಂದಳು. ಹಾಗಾದರೆ ರೆಫರಿ ಸರೀನಾ?

ಉತ್ತರ: ಹಾಗಿದ್ದರೆ ಸರಿ ಮೇಡಂ, ಹಾರಿದ ಮೇಲೂ ಅವಳ ದಾರಿಗೆ ಸರಿಯುತ್ತಿದ್ದರೆ ಬ್ಲಾಕಿಂಗ್ ಅದು. ಆದರೂ ನಿಜ ಹೇಳಿದಳಲ್ಲ, ತುಂಬಾ ಖುಷಿಯಾಯಿತು. ನಾಲ್ಕು ಫೌಲ್ ಆಗಿದ್ದಾಗ ತಡವಾಯಿತು ಅನ್ನಿಸಿದರೆ ಅಡ್ಡ ಹೋಗುವುದು ಬೇಡ. ಇದ್ದಲ್ಲೇ ಎರಡೂ ಕೈ ನೇರ ಮೇಲೆತ್ತಿ ನಿಲ್ಲಲಿ, ಮುಂದಕ್ಕೆ ಬಾಗದಿರಲಿ. ಹೋದರೆ ಎರಡು ಪಾಯಿಂಟ್ ಹೋಗುತ್ತೆ, ಅವಳು ಆಟದಲ್ಲಿರುತ್ತಾಳೆ.