ಮಗಳು ಜರ್ಮನಿಗೆ ಓದಲಿಕ್ಕೆ ಹೊರಟಿದ್ದಾಳೆ: ಊರಿಂದ ಎಂತ ಕಟ್ಟಿ ಕೊಡುವುದು, ಎಂತ ಬಿಡುವುದು?

ಬನ್ನಂಜೆ ಅಮ್ಮ:
ಮಗಳಿಗೆ ಅಕ್ಟೋಬರಿನಿಂದ ಜರ್ಮನಿಯಲ್ಲಿ ಎಂ.ಎಸ್. ಕ್ಲಾಸ್ ಶುರು. ಹಾಸ್ಟೆಲ್‌ನಲ್ಲಿ ರೂಮು ಅವಳಿಗೇ, ಅಡುಗೆಮನೆ ಮಾತ್ರ ಎಂಟು ಮಂದಿಗೆ ಒಂದು. ಗ್ಯಾಸ್ ಇಲ್ಲ, ಗಾಜಿನ ಕರೆಂಟ್ ಒಲೆ. ಮಂಗಳೂರಿನಿಂದ ದುಬೈ ಮೇಲೆ ಟಿಕೆಟ್, 30 ಕೆಜಿ ಲಗೇಜ್. ಅವಳ ಅಪ್ಪ 10 ಕೆಜಿ ಕುಚ್ಚಲಕ್ಕಿಯನ್ನೇ ಕಟ್ಟುವ ಅಂದಾಜಿನಲ್ಲಿದ್ದಾರೆ. ನಾನು ಕೇಳುವುದು ಇಷ್ಟು: ತುಪ್ಪ, ತೆಂಗಿನಕಾಯಿ, ಒಣ ಮೀನು, ಉಪ್ಪಿನಕಾಯಿ ಬಿಡ್ತಾರಾ? ಇಲ್ಲಿಯ ಮಿಕ್ಸಿ, ಕುಕ್ಕರ್ ಅಲ್ಲಿ ನಡೀತದಾ? ಆ ಚಳಿಗೆ ದೋಸೆ ಹಿಟ್ಟು ಹುಳಿ ಬರ್ತದಾ? ಗೊತ್ತಿದ್ದವರು ದಯವಿಟ್ಟು ಸ್ವಲ್ಪ ಬಿಡಿಸಿ ಹೇಳಿ.

ಬಂದರು ಪಾರ್ಸೆಲ್:
ಅಕ್ಕಾ, ದುಬೈ ಮೇಲೆ ಹೋಗುವುದಾದರೆ ಮೊದಲು ಗಸಗಸೆ ತೆಗೆದಿಡಿ. ಯುಎಇಯಲ್ಲಿ ಅದು ನಿಷಿದ್ಧ, ಮಾದಕ ವಸ್ತುವಿನ ಲೆಕ್ಕ. ಬಿಡಿಯಾಗಿ ಮಾತ್ರ ಅಲ್ಲ, ಮಸಾಲೆ ಪುಡಿಯಲ್ಲಿ ಸೇರಿದ್ದೂ ಬೇಡ. ಕೆಲವು ಮನೆಗಳಲ್ಲಿ ಗರಂ ಮಸಾಲೆಗೆ, ಕುರ್ಮದ ಪುಡಿಗೆ ಹಾಕುವ ಕ್ರಮ ಉಂಟು. ಪುಡಿ ಮಾಡಿಸುವಾಗಲೇ ಹೇಳಿಬಿಡಿ.

ಎರಡನೆಯದು ಒಣ ಕೊಬ್ಬರಿ. ಎಣ್ಣೆ ಅಂಶ ಹೆಚ್ಚು, ಬೆಂಕಿ ಹಿಡಿಯುವ ಸಾಮಾನು ಅಂತ 2022ರಿಂದ ಚೆಕ್-ಇನ್ ಬ್ಯಾಗಿಗೆ ಬಿಡುವುದಿಲ್ಲ. ಸ್ಕ್ಯಾನಿಂಗಿನಲ್ಲಿ ಕಂಡರೆ ಬ್ಯಾಗ್ ಬಿಚ್ಚಿಸಿ ತೆಗೆಸ್ತಾರೆ. ಮತ್ತೆ ಆ ಗಡಿಬಿಡಿಯಲ್ಲಿ ಜಿಪ್ ಹಾಕುವುದೇ ಒಂದು ಕೆಲಸ.

ಜರ್ಮನಿಗೆ ಇಳಿದ ಮೇಲೆ ಐರೋಪ್ಯ ಒಕ್ಕೂಟದ ನಿಯಮ. ಹಾಲಿನದ್ದು, ಮಾಂಸದ್ದು ಯಾವುದೂ ಹೊರಗಿನಿಂದ ತರುವ ಹಾಗಿಲ್ಲ. ತುಪ್ಪ, ಪೇಡ, ಹಾಲಿನ ಪುಡಿ, ಚಿಕನ್ ಸುಕ್ಕ ಎಲ್ಲ ಅದರಲ್ಲಿ ಬಂತು. ತುಪ್ಪದ ಚಿಂತೆ ಬಿಡಿ, ಅಲ್ಲಿಯ ಯಾವ ಸೂಪರ್ ಮಾರ್ಕೆಟಿನಲ್ಲೂ ‘ಬುಟರ್‌ಷ್ಮಾಲ್ಟ್ಸ್’ ಅಂತ ಸಿಗ್ತದೆ, ಅದು ಬೆಣ್ಣೆ ಕಾಯಿಸಿದ್ದೇ. ಮೀನಿಗೆ ಮಾತ್ರ ರಿಯಾಯಿತಿ ಉಂಟು: ಒಣ ಮೀನು, ಸಿಗಡಿ ಎಲ್ಲ ಸೇರಿ ಸ್ವಂತಕ್ಕೆ 20 ಕೆಜಿ ವರೆಗೆ ತರಬಹುದು. ಆದರೆ ಎಂಟು ಮಂದಿಯ ಅಡುಗೆಮನೆಯಲ್ಲಿ ಒಣ ಬಂಗುಡೆ ಸುಟ್ಟರೆ ಮರುದಿನ ಯಾರೂ ಮಾತಾಡಿಸಲಿಕ್ಕಿಲ್ಲ. ಇಲ್ಲೇ ಹುರಿದು, ಸಿಗಡಿ ಚಟ್ನಿಪುಡಿ ಮಾಡಿ 200 ಗ್ರಾಂ ಕೊಟ್ಟರೆ ಸಾಕು.

ಹಸಿ ಬೇವಿನಸೊಪ್ಪು (ಕರಿಬೇವು) ಕಟ್ಟಬೇಡಿ, ಹಸಿ ಸೊಪ್ಪಿಗೆ ಸಸ್ಯ ಆರೋಗ್ಯ ಪ್ರಮಾಣಪತ್ರ ಕೇಳ್ತಾರೆ. ತೆಂಗಿನಕಾಯಿಗೆ ಆ ಪ್ರಮಾಣಪತ್ರ ಬೇಡ. ಅನಾನಸು, ಬಾಳೆಹಣ್ಣು, ಖರ್ಜೂರಕ್ಕೂ ಹಾಗೆಯೇ. ಆದರೂ ಒಂದು ಕಾಯಿ ಅರ್ಧ ಕೆಜಿ ತಿನ್ನುತ್ತದೆ. ಏಷ್ಯನ್ ಅಂಗಡಿಯಲ್ಲಿ ತುರಿದ ಫ್ರೋಜನ್ ಕಾಯಿ ಸಿಗುವಾಗ ಎಂತಕ್ಕೆ?

ಉಪ್ಪಿನಕಾಯಿ ಚೆಕ್-ಇನ್‌ಗೆ, ಕೈಚೀಲಕ್ಕೆ ಬೇಡ. ಸೋರುವುದು ಯಾಕೆ ಅಂದರೆ, ಮೇಲೆ ಹೋದ ಹಾಗೆ ಸುತ್ತಲಿನ ಒತ್ತಡ ಇಳೀತದೆ, ಬಾಟ್ಲಿಯೊಳಗೆ ಉಳಿದ ಗಾಳಿ ಹಿಗ್ಗಿ ರಸವನ್ನು ಹೊರಗೆ ದೂಡ್ತದೆ. ಅರ್ಧ ತುಂಬಿದ ಬಾಟ್ಲಿಗೇ ಈ ಕಾಟ ಜಾಸ್ತಿ. ಬಾಯಿವರೆಗೆ ತುಂಬಿಸಿ, ಬಾಯಿಗೆ ಪ್ಲಾಸ್ಟಿಕ್ ಹಾಳೆ ಇಟ್ಟು ಮುಚ್ಚಳ ಬಿಗಿದು, ಟೇಪ್ ಸುತ್ತಿ, ಎರಡು ಜಿಪ್ ಕವರಿನೊಳಗೆ ಹಾಕಿ. ಮಿಡಿಗಿಂತ ಹೆಚ್ಚು ರಸ ಇಲ್ಲದ ಕೊಚ್ಚುಮಾವು ಒಳ್ಳೆಯದು.

ಹಂಪನಕಟ್ಟೆ ಫಿಟ್ಟರ್:
ಜರ್ಮನಿಯ ಕರೆಂಟ್ 230 ವೋಲ್ಟ್, 50 ಹರ್ಟ್ಸ್. ನಮ್ಮದೇ ಅಳತೆ, ಹಾಗಾಗಿ ಮಿಕ್ಸಿ ನಡೀತದೆ. ಅಮೆರಿಕಕ್ಕೆ ಹೋಗುವವರಾದರೆ ಬೇಡ ಅಂತಿದ್ದೆ, ಅಲ್ಲಿ 120 ವೋಲ್ಟ್. ಪಿನ್ ಮಾತ್ರ ಬೇರೆ: ಭೂಮಿ ಸಂಪರ್ಕ ಇರುವ ‘ಷೂಕೋ’ ಅಡಾಪ್ಟರ್ ಬೇಕು. 50 ರೂಪಾಯಿಯ ಸಡಿಲ ಅಡಾಪ್ಟರಿನಲ್ಲಿ 750 ವಾಟ್ ಮಿಕ್ಸಿ ಓಡಿಸಿದರೆ ಪ್ಲಗ್ ಕರಗ್ತದೆ.

ಕುಕ್ಕರ್: 3 ಲೀಟರ್, ಇಂಡಕ್ಷನ್ ತಳದ ಸ್ಟೀಲ್. ಗಾಜಿನ ಒಲೆಯಲ್ಲಿ ಎರಡು ಜಾತಿ. ಇಂಡಕ್ಷನ್ ಆದರೆ ಅಲ್ಯೂಮಿನಿಯಂ ಕುಕ್ಕರ್ ಬಿಸಿಯೇ ಆಗುವುದಿಲ್ಲ. ಕೆಂಪಾಗುವ ಸುರುಳಿಯ ಸೆರಾಮಿಕ್ ಒಲೆ ಆದರೆ ಯಾವುದೂ ಆಗ್ತದೆ, ಆದರೆ ಆಫ್ ಮಾಡಿದ ಮೇಲೂ ಐದಾರು ನಿಮಿಷ ಕಾದೇ ಇರ್ತದೆ. ಹಾಗಾಗಿಯೇ ಹೊಸಬರಿಗೆ ಹಾಲು ಉಕ್ಕುವುದು, ಬೇಳೆ ತಳ ಹಿಡಿಯುವುದು. ಉಪಾಯ ಏನೆಂದರೆ ಎರಡು ಒಲೆ ಹಚ್ಚಿಡಬೇಕು: ಒಂದು 9ರ ಜೋರು ಬಿಸಿಯಲ್ಲಿ, ಒಂದು 3ರ ಸಣ್ಣ ಬಿಸಿಯಲ್ಲಿ. ಮೊದಲ ಸೀಟಿ ಬಂದ ಕೂಡಲೇ ಕುಕ್ಕರನ್ನು ಎತ್ತಿ 3ಕ್ಕೆ ಇಡುವುದು. ಎಳೆಯಬಾರದು, ಗಾಜು ಗೀರ್ತದೆ, ರೂಮು ಬಿಡುವಾಗ ಡಿಪಾಸಿಟ್ಟಿನಲ್ಲಿ ಹಿಡೀತಾರೆ. ಹೆಚ್ಚುವರಿ ಗ್ಯಾಸ್ಕೆಟ್ ಒಂದು, ಸೇಫ್ಟಿ ವಾಲ್ವ್ ಒಂದು ಇಡಿ, ಆ ಅಳತೆಯದ್ದು ಅಲ್ಲಿ ಹುಡುಕಿ ಸಾಕಾಗ್ತದೆ.

ಕಬ್ಬಿಣದ ಕಾವಲಿ ಬೇಡವೇ ಬೇಡ. ತಳ ಸ್ವಲ್ಪ ಗುಂಡಗೆ ಇರುವುದರಿಂದ ಚಪ್ಪಟೆ ಗಾಜಿನಲ್ಲಿ ನಡುವೆ ಮಾತ್ರ ಕಾಯ್ತದೆ, ಅಂಚು ತಣ್ಣಗೆ. ದೋಸೆ ನಡುವೆ ಕರಟಿ ಬದಿಯಲ್ಲಿ ಹಸಿ. 28 ಸೆಂಟಿಮೀಟರಿನ ದಪ್ಪ ತಳದ ನಾನ್‌ಸ್ಟಿಕ್ ತವಾ ಅಲ್ಲೇ ತಗೊಳ್ಳಲಿ.

ಇನ್ನೊಂದು, ಒಗ್ಗರಣೆ. ಹೊಗೆ ಅಲಾರಂ ನೇರ ಅಗ್ನಿಶಾಮಕ ದಳಕ್ಕೆ ಜೋಡಿಸಿದ ಹಾಸ್ಟೆಲುಗಳಿವೆ, ಸುಮ್ಮನೆ ಕರೆಸಿದರೆ ಬಿಲ್ ಬರಬಹುದು. ಒಣಮೆಣಸು ಹೊಗೆಯಾಡುವಷ್ಟು ಎಣ್ಣೆ ಕಾಯಿಸುವುದು ಬೇಡ. ಕಿಟಕಿ ತೆಗೆದು, ರೂಮಿನ ಬದಿಯ ಬಾಗಿಲು ಹಾಕಿ, ಸಾಸಿವೆ ಸಿಡಿದ ಮೇಲೆ ಮೆಣಸು ಹಾಕಿ ಒಡನೆ ಮುಚ್ಚಳ.

ತೆಂಕಪೇಟೆ ಭಟ್ರು:
10 ಕೆಜಿ ಅಕ್ಕಿ ಹೊರುವುದು ದಂಡ ಮಾರಾಯ್ರೇ. ಲಗೇಜಿನ ಮೂರನೇ ಒಂದು ಪಾಲು ಅಲ್ಲಿಗೇ ಮುಗೀತು. ಕೇರಳದವರ, ಶ್ರೀಲಂಕಾ ತಮಿಳರ ಅಂಗಡಿಯಲ್ಲಿ ಕೆಂಪು ಮಟ್ಟ ಅಕ್ಕಿ ಸಿಗ್ತದೆ, ಗಂಜಿಗೆ ನಮ್ಮದಕ್ಕೆ ಹತ್ತಿರ. ಮೊದಲ ವಾರಕ್ಕೆ 1 ಕೆಜಿ ಸಾಕು. ಅಂಗಡಿ ಪತ್ತೆ ಮಾಡಲಿಕ್ಕೆ ಒಂದು ವಾರ ಬೇಕು, ಭಾನುವಾರ ಅಲ್ಲಿ ಅಂಗಡಿಯೇ ತೆರೆಯುವುದಿಲ್ಲ.

ಕುಚ್ಚಲಕ್ಕಿಯನ್ನು ಕುಕ್ಕರಿನಲ್ಲಿ ಬೇಯಿಸುವಾಗ ಅರ್ಧಕ್ಕಿಂತ ಮೇಲೆ ತುಂಬಿಸಬಾರದು, ನೊರೆ ಬಂದು ಸೀಟಿಯ ತೂತು ಕಟ್ಟುತ್ತದೆ. 1 ಲೋಟ ಅಕ್ಕಿಗೆ 5 ಲೋಟ ನೀರು, ಒಂದು ಗಂಟೆ ನೆನೆಸಿ, ಸೀಟಿಯ ನಂತರ ಸಣ್ಣ ಉರಿಯಲ್ಲಿ 20 ನಿಮಿಷ, ಆವಿ ತಾನಾಗಿ ಇಳಿಯಲಿ.

ಕಟ್ಟಿಕೊಡಬೇಕಾದ್ದು ಅಲ್ಲಿ ಸಿಗದ್ದು, ಮತ್ತು ನಮ್ಮ ಕೈಯ ಕೆಲಸ ಇರುವಂಥದ್ದು: ಸಾರಿನ ಪುಡಿ, ಕೊದ್ದೆಲ್ (ಸಾಂಬಾರು) ಪುಡಿ, ಕುಂದಾಪುರ ಮಸಾಲೆ ಪುಡಿ ತಲಾ 250 ಗ್ರಾಂ, ಒಣ ಪುನರ್ಪುಳಿ (ಕೋಕಂ) ಸಿಪ್ಪೆ 200 ಗ್ರಾಂ, ಬ್ಯಾಡಗಿ ಮೆಣಸು ಅರ್ಧ ಕೆಜಿ. ಒಬ್ಬಳ ಸಾಂಬಾರಿಗೆ ದೊಡ್ಡ ಚಮಚದಲ್ಲಿ ಒಂದು ಹಿಡಿಸೀತು, 250 ಗ್ರಾಂ ಅಂದರೆ 30 ಸಲದ ಮೇಲೆಯೇ. ಒಂದು ಪೊಟ್ಟಣ ಹೊರಗೆ, ಉಳಿದದ್ದು ಫ್ರೀಜರಿಗೆ. ಹೊರಗಿಟ್ಟರೆ ಮೂರು ತಿಂಗಳಲ್ಲಿ ಪರಿಮಳ ಹೋಗ್ತದೆ. ಬೇಳೆ ಕಟ್ಟಬೇಡಿ. ಮಸೂರ ಬೇಳೆ ಎಲ್ಲ ಸೂಪರ್ ಮಾರ್ಕೆಟಿನಲ್ಲೂ ಉಂಟು, ತೊಗರಿಗೆ ಭಾರತೀಯ ಅಂಗಡಿ. ಬೇಳೆ ಬೇಯುವುದಿಲ್ಲ ಅಂತ ಅವಳು ಫೋನ್ ಮಾಡಿದರೆ ಅದು ನೀರಿನ ದೋಷ: ಹಲವು ಊರುಗಳಲ್ಲಿ ಸುಣ್ಣದ ಅಂಶದ ಗಡಸು ನೀರು. ಒಂದೂವರೆ ಗಂಟೆ ನೆನೆಸಿ, ಚಿಟಿಕೆ ಅಡುಗೆ ಸೋಡಾ ಹಾಕಿದರೆ ಆಯ್ತು.

ಕಾಯಿ ಹಾಕಿ ಕಡೆದ ಮಸಾಲೆ ಫ್ರಿಜ್ಜಿನಲ್ಲಿ ಎರಡು ದಿನ ಮಾತ್ರ. ವಾರದ್ದನ್ನು ಒಂದೇ ಸಲ ಕಡೆದು ಐಸ್ ಟ್ರೇಯಲ್ಲಿ ಹೆಪ್ಪುಗಟ್ಟಿಸಿ ಕವರಿಗೆ ತುಂಬಿದರೆ, ಒಂದು ಸಾಂಬಾರಿಗೆ ಮೂರು ತುಂಡು.

ಬನ್ನಂಜೆ ಅಮ್ಮ:
ತುಂಬಾ ಉಪಕಾರ ಆಯ್ತು. ಅಕ್ಕಿ ಮೂಟೆ ಕೆಳಗೆ ಇಳಿಸಿದೆ, ಇವರ ಮುಖ ಸಪ್ಪೆ. ದೋಸೆ ಹಿಟ್ಟಿನ ವಿಷಯ ಯಾರೂ ಹೇಳಲಿಲ್ಲ?

ಅಜ್ಜರಕಾಡು:
ಹುಳಿ ಬರ್ತದೆ ಅಕ್ಕ, ಬೆಚ್ಚಗೆ ಇಟ್ಟರೆ. ಹಿಟ್ಟಿಗೆ 28ರಿಂದ 30 ಡಿಗ್ರಿ ಬೇಕು. ರೂಮಿನಲ್ಲಿ ಹೀಟರ್ ಇದ್ದರೂ 20ರ ಸುತ್ತ, ಅದರಲ್ಲಿ ಒಂದು ದಿನವಾದರೂ ಏಳುವುದು ಸಂಶಯ.

ಅಳತೆ: ಸೂಪರ್ ಮಾರ್ಕೆಟಿನ ‘ಪಾರ್ಬಾಯಿಲ್ಡ್’ ಅಕ್ಕಿ 2 ಲೋಟ, ಸೋನಾ ಮಸೂರಿ 1, ಉಂಡೆ ಉದ್ದು 1, ಮೆಂತೆ ಅರ್ಧ ಚಮಚ, ಮುಷ್ಟಿ ಅವಲಕ್ಕಿ. ಬಾಸ್ಮತಿ ಬೇಡ, ದೋಸೆ ಒಣಕಲಾಗ್ತದೆ. 6 ಗಂಟೆ ನೆನೆಸಿ, ಉದ್ದನ್ನು ಬೇರೆಯೇ ಕಡೆಯಬೇಕು, ಒಂದೊಂದು ನಿಮಿಷಕ್ಕೆ ಮಿಕ್ಸಿ ನಿಲ್ಲಿಸಿ. ಊರಲ್ಲಿ ಮಿಕ್ಸಿ ಕಾಯಬಾರದು ಅಂತ ತಣ್ಣೀರು ಹಾಕ್ತೇವೆ. ಅಲ್ಲಿ ಕೊನೆಯ ಸುತ್ತಿಗೆ ಉಗುರು ಬೆಚ್ಚಗಿನ ನೀರು ಹಾಕಿದರೆ ಹಿಟ್ಟು ಬೆಚ್ಚಗೇ ಶುರುವಾಗ್ತದೆ.

ಇಡುವ ಜಾಗ: ಓವನ್ನಿನೊಳಗೆ, ದೀಪ ಮಾತ್ರ ಹಾಕಿ, ಬಿಸಿ ಹಾಕದೆ. ಬಾಗಿಲಿಗೆ ‘ಒಳಗೆ ಹಿಟ್ಟಿದೆ, ಆನ್ ಮಾಡಬೇಡಿ’ ಅಂತ ಜರ್ಮನ್‌ನಲ್ಲೂ ಇಂಗ್ಲಿಷಿನಲ್ಲೂ ಚೀಟಿ ಅಂಟಿಸಲೇಬೇಕು, ಯಾರಾದರೂ ಪಿಜ್ಜಾಕ್ಕೆ ಓವನ್ ಕಾಯಿಸಲಿಕ್ಕೆ ಬಂದಾರು. ಓವನ್ ಸಿಗದಿದ್ದರೆ ಫ್ರೋಜನ್ ಸಾಮಾನಿನ ದಪ್ಪ ಚೀಲದಲ್ಲಿ ಹಿಟ್ಟಿನ ಪಾತ್ರೆ, ಪಕ್ಕದಲ್ಲಿ 45 ಡಿಗ್ರಿಯ ನೀರಿನ ಎರಡು ಬಾಟ್ಲಿ, 6 ಗಂಟೆಗೊಮ್ಮೆ ನೀರು ಬದಲಿಸುವುದು. ಹೀಟರಿನ ಮೇಲೆಯೇ ಇಟ್ಟರೆ ತಳದ ಹಿಟ್ಟು ಬೆಂದು ಗಟ್ಟಿಯಾಗ್ತದೆ, ಮೇಲಿನದ್ದು ಏಳುವುದಿಲ್ಲ. ಪಾತ್ರೆ ಅರ್ಧದಷ್ಟು ಖಾಲಿ ಇರಲಿ, ಮುಚ್ಚಳ ಬಿಗಿಯಬಾರದು.

12ರಿಂದ 16 ಗಂಟೆಯಲ್ಲಿ ಉಬ್ಬಿ ಗುಳ್ಳೆ ಬಂದಿರ್ತದೆ. ಮೇಲೆ ಗುಲಾಬಿ, ಕಿತ್ತಳೆ ಬಣ್ಣದ ಕಲೆ ಕಂಡರೆ ಎಲ್ಲವನ್ನೂ ಚೆಲ್ಲುವುದೇ, ಮೇಲಿನದ್ದು ಮಾತ್ರ ತೆಗೆದರೆ ಆಗಲಿಕ್ಕಿಲ್ಲ.

ಇಷ್ಟು ರಗಳೆ ಬೇಡ ಅಂದರೆ ನೀರುದೋಸೆ ಉಂಟಲ್ಲ, ಅದಕ್ಕೆ ಹುಳಿಯೇ ಬೇಡ. ಸೋನಾ ಮಸೂರಿ 1 ಲೋಟ 4 ಗಂಟೆ ನೆನೆಸಿ, ಕಾಲು ಲೋಟ ಫ್ರೋಜನ್ ಕಾಯಿ ಜತೆ ನುಣ್ಣಗೆ ಕಡೆದು, ಒಟ್ಟು ಎರಡೂವರೆ ಲೋಟ ನೀರು ಮತ್ತು ಉಪ್ಪು. ತವಾ 7 ನಿಮಿಷ ಕಾಯಲಿ. ಹುಯ್ಯುವಾಗ ಚುರ್ ಅಂತ ತೂತು ಬೀಳದಿದ್ದರೆ ತವಾ ಕಾದಿಲ್ಲ, ತವಾ ಕಾದೂ ತೂತಿಲ್ಲ ಅಂದರೆ ಹಿಟ್ಟು ದಪ್ಪ. ಪ್ರತಿ ಸಲ ಸೌಟಿನಿಂದ ತಳದವರೆಗೆ ಕಲಕಿಯೇ ತೆಗೆಯಬೇಕು, ಅಕ್ಕಿ ಕೆಳಗೆ ಕೂತಿರ್ತದೆ.