ಸರೋಜಾದೇವಿ ಕನ್ನಡ ಬಿಟ್ಟು ಹೋದರು ಅನ್ನೋದು ಸರಿನಾ?

ಗಾಂಧಿಬಜಾರ್_ಕಾಫಿ

ಹೋದ ಭಾನುವಾರ ಟಿವಿಯಲ್ಲಿ 'ಕಿತ್ತೂರು ಚೆನ್ನಮ್ಮ' ಬಂದಿತ್ತು, ಅಜ್ಜಿ ಜೊತೆ ಕೂತು ಪೂರ್ತಿ ನೋಡಿದೆ. ನನಗೆ ಅದರಲ್ಲಿ ಆ ಕಪ್ಪದ ಮಾತು ಬಿಟ್ಟರೆ ಬೇರೇನೂ ಗೊತ್ತಿರಲಿಲ್ಲ. ಅದೂ ಗೊತ್ತಿದ್ದದ್ದು ಯಾಕೆ ಅಂದರೆ ನಮ್ಮ ಶಾಲೆಯಲ್ಲಿ ಪ್ರತಿ ವರ್ಷ ಯಾವಳಾದರೊಬ್ಬಳು ರಟ್ಟಿನ ಕತ್ತಿ ಹಿಡಿದು ಅದನ್ನು ಕಿರುಚುತ್ತಿದ್ದಳು. ಸಿನಿಮಾದಲ್ಲಿ ಸರೋಜಾದೇವಿ ಅಷ್ಟು ಕಿರುಚುವುದೇ ಇಲ್ಲ, ನನಗೆ ಆಶ್ಚರ್ಯ ಆಯಿತು.

ಮುಗಿದ ಮೇಲೆ ಅಜ್ಜಿ ಒಂದು ನಿಟ್ಟುಸಿರು ಬಿಟ್ಟು, "ಇವಳು ಇಲ್ಲೇ ಇದ್ದಿದ್ರೆ ಇನ್ನೂ ಎಷ್ಟು ಮಾಡ್ತಿದ್ಲೋ, ನಮ್ಮನ್ನ ಬಿಟ್ಟು ತಮಿಳಿಗೆ ಹೋಗಿಬಿಟ್ಟಳು" ಅಂದರು. ಅವರ ಸಿನಿಮಾಗಳ ಪಟ್ಟಿ ನೋಡಿದರೆ ಅಜ್ಜಿ ಹೇಳಿದ್ದೇ ನಿಜ ಅನಿಸುತ್ತೆ. 60ರ ದಶಕದಲ್ಲಿ ತಮಿಳು ಸಿನಿಮಾಗಳೇ ಜಾಸ್ತಿ, ಕನ್ನಡದವು ಅಲ್ಲೊಂದು ಇಲ್ಲೊಂದು. ಬೆಂಗಳೂರಲ್ಲೇ ಹುಟ್ಟಿದವರು, ಮೊದಲ ಸಿನಿಮಾನೂ ಕನ್ನಡದ್ದೇ. ಮತ್ತೆ ಯಾಕೆ ಹೋದರು? ತಿಳಿದವರು ಹೇಳಿ. ಹಾಗೇ ಅವರದ್ದು ಯಾವುದರಿಂದ ನೋಡಲು ಶುರು ಮಾಡಬೇಕು ಅಂತಲೂ ಹೇಳಿ.

ಹಳೇ_ಟಾಕೀಸು

ಅಜ್ಜಿಗೆ ನಮಸ್ಕಾರ. ಆದರೆ "ಬಿಟ್ಟು ಹೋದರು" ಅನ್ನುವುದನ್ನು ನಾನು ಒಪ್ಪುವುದಿಲ್ಲ.

ಆಗ ಕನ್ನಡ ಸಿನಿಮಾನೇ ಮದ್ರಾಸಿನಲ್ಲಿತ್ತು. ಸ್ಟುಡಿಯೋ ಅಲ್ಲಿ, ಲ್ಯಾಬ್ ಅಲ್ಲಿ, ಹಾಡು ರೆಕಾರ್ಡ್ ಮಾಡುವವರು ಅಲ್ಲಿ. ರಾಜ್‌ಕುಮಾರ್ ಅವರೇ ಎಷ್ಟೋ ವರ್ಷ ಮದ್ರಾಸಿನಲ್ಲಿ ಮನೆ ಮಾಡಿಕೊಂಡಿದ್ದರು, ಪುನೀತ್ ಹುಟ್ಟಿದ್ದೂ ಅಲ್ಲೇ, 1975ರಲ್ಲಿ. ಅವರನ್ನು ಯಾರಾದರೂ ಬಿಟ್ಟು ಹೋದರು ಅಂತೀವಾ? ಕೋಡಂಬಾಕ್ಕದಲ್ಲಿ ಒಂದು ಫ್ಲೋರ್‌ನಲ್ಲಿ ಕನ್ನಡ, ಪಕ್ಕದ ಫ್ಲೋರ್‌ನಲ್ಲಿ ತೆಲುಗು, ಅದರಾಚೆ ತಮಿಳು. ಸರೋಜಾದೇವಿ ಊರು ಬದಲಿಸಲಿಲ್ಲ, ಫ್ಲೋರ್ ಬದಲಿಸಿದರು ಅಷ್ಟೇ.

ಇನ್ನೊಂದು ಲೆಕ್ಕ ನೋಡಿ. ಸರೋಜಾದೇವಿಯ ಮೊದಲ ಸಿನಿಮಾ, ಹೊನ್ನಪ್ಪ ಭಾಗವತರ 'ಮಹಾಕವಿ ಕಾಳಿದಾಸ' ಬಂದದ್ದು 1955ರಲ್ಲಿ, ಆಗ ಇವರಿಗೆ 17. ಆ ಕಾಲಕ್ಕೆ ಕನ್ನಡದಲ್ಲಿ ವರ್ಷಕ್ಕೆ ಬರುತ್ತಿದ್ದದ್ದೇ 10-15 ಸಿನಿಮಾ. ಪಂಡರಿಬಾಯಿ ಇದ್ದರು, ಪ್ರತಿಮಾದೇವಿ ಇದ್ದರು, ಆಮೇಲೆ ಲೀಲಾವತಿ ಬಂದರು. ಅಷ್ಟರಲ್ಲಿ ಒಬ್ಬರಿಗೆ ಎಷ್ಟು ಸಿಗಬೇಕು ಹೇಳಿ. ಅದೂ ಅಲ್ಲದೆ ಬಿ.ಆರ್. ಪಂತುಲು ಥರದವರು ಒಂದೇ ಕಾಲಿಗೆ ಎರಡು ಭಾಷೆಯ ಗೆಜ್ಜೆ ಕಟ್ಟಿಕೊಂಡಿದ್ದವರು. ನಿಮ್ಮ ಚೆನ್ನಮ್ಮನೂ ಅವರದ್ದೇ, 1961. ಅದಕ್ಕೆ ಎರಡು ವರ್ಷ ಮುಂಚೆ ಅವರು ಶಿವಾಜಿ ಗಣೇಶನ್ ಅವರನ್ನು ಹಾಕಿಕೊಂಡು ತಮಿಳಿನಲ್ಲಿ 'ವೀರಪಾಂಡಿಯ ಕಟ್ಟಬೊಮ್ಮನ್' ಮಾಡಿದ್ದರು. ಅದರಲ್ಲೂ ಕಪ್ಪ ಕೊಡಲ್ಲ ಅನ್ನುವ ದೃಶ್ಯವೇ ಜೀವ. ಎರಡನ್ನೂ ಒಂದಾದ ಮೇಲೊಂದು ನೋಡಿ. ಶಿವಾಜಿ ಸಿಡಿಲಿನ ಹಾಗೆ ಗುಡುಗುತ್ತಾರೆ, ಇವರು ಮಾತಲ್ಲೇ ಚುಚ್ಚುತ್ತಾರೆ. ನೀವು ಗಮನಿಸಿದ್ದು ಅದನ್ನೇ ಅನಿಸುತ್ತೆ.

23ನೇ ವಯಸ್ಸಿಗೆ ಗಂಡ ಸತ್ತ ರಾಣಿಯ ಪಾತ್ರ ಮಾಡಿದರು ಅನ್ನುವುದನ್ನೂ ಅಜ್ಜಿಗೆ ಹೇಳಿ. ಅದೇ ವರ್ಷ ಹಿಂದಿಯ 'ಸಸುರಾಲ್'ನಲ್ಲಿ ರಾಜೇಂದ್ರ ಕುಮಾರ್ ಅವರಿಗೆ ನಾಯಕಿ.

ಮೈಲಾಪುರದ_ಕನ್ನಡಿಗ

ನಾನು ಚೆನ್ನೈನಲ್ಲಿ 22 ವರ್ಷದಿಂದ ಇದ್ದೇನೆ. ಇಲ್ಲಿ ಆಟೋದವರಿಗೆ ನಾನು ಕನ್ನಡದವನು ಅಂತ ಗೊತ್ತಾದರೆ, ಸ್ವಲ್ಪ ವಯಸ್ಸಾದವರಾಗಿದ್ದರೆ, ಎರಡೇ ಹೆಸರು ಬರುತ್ತವೆ. ಒಂದು ರಜನಿ, ಇನ್ನೊಂದು ಸರೋಜಾದೇವಿ. ಅವರಿಗೆ ಇಲ್ಲಿನವರು ಕೊಟ್ಟ ಬಿರುದೇ 'ಕನ್ನಡತ್ತು ಪೈಂಗಿಳಿ', ಅಂದರೆ ಕನ್ನಡದ ಗಿಣಿ. ನೋಡಿ, ತಮಿಳರೇ ಅವರನ್ನು ತಮಿಳಿನವರು ಅನ್ನಲಿಲ್ಲ.

ಅದಕ್ಕೆ ಕಾರಣ ಅವರ ಮಾತು. ಅವರ ತಮಿಳಿನಲ್ಲಿ ಕನ್ನಡದ ಒಂದು ಎಳೆತ ಇತ್ತು, ಕೊಂಚ ಮುದ್ದುಮುದ್ದು. ಬೇರೆ ಯಾರಿಗಾದರೂ ಅದು ಕೊರತೆ ಆಗುತ್ತಿತ್ತು, ಇವರಿಗೆ ಅದೇ ಬಂಡವಾಳ. 1964ರ 'ಪುದಿಯ ಪರವೈ'ಯಲ್ಲಿ ಶಿವಾಜಿಯನ್ನು "ಗೋಪಾಲ್" ಅಂತ ಕರೆಯುತ್ತಾರಲ್ಲ, ಅದನ್ನು ಇವತ್ತಿಗೂ ಮಿಮಿಕ್ರಿ ಮಾಡುವವರು ಬಿಟ್ಟಿಲ್ಲ. ನಮ್ಮ ಆಫೀಸಿನಲ್ಲಿ ಗೋಪಾಲ್ ಅಂತ ಒಬ್ಬರಿದ್ದಾರೆ, ಪಾಪ, ಅವರ ಕಷ್ಟ ಕೇಳಬೇಡಿ. ಈ ಸಿನಿಮಾದ ಕಥೆ ಮೊದಲೇ ಓದಿಕೊಂಡು ಹೋಗಬೇಡಿ, ಮಜಾ ಹಾಳಾಗುತ್ತೆ.

ಅವರು ಇಲ್ಲಿ ಮೇಲೆ ಬಂದ ರೀತಿಯೂ ಚೆನ್ನಾಗಿದೆ. 1958ರಲ್ಲಿ ಎಂಜಿಆರ್ ತಾವೇ ದುಡ್ಡು ಹಾಕಿ, ತಾವೇ ನಿರ್ದೇಶಿಸಿ 'ನಾಡೋಡಿ ಮನ್ನನ್' ಮಾಡುತ್ತಿದ್ದರು. ಭಾನುಮತಿಗೂ ಅವರಿಗೂ ಸರಿಬರಲಿಲ್ಲ, ಆ ಪಾತ್ರವನ್ನು ನಡುವೆಯೇ ಮುಗಿಸಿಬಿಟ್ಟರು. ಸರೋಜಾದೇವಿ ಬರುವುದು ಎರಡನೇ ಭಾಗದಲ್ಲಿ. ಆ ಸಿನಿಮಾದಲ್ಲಿ ಕಲರ್ ಇರುವುದೂ ಎರಡನೇ ಭಾಗದಲ್ಲೇ! ಜನ ಅಲ್ಲಿವರೆಗೂ ಕಪ್ಪು ಬಿಳುಪು ನೋಡಿ, ಆಮೇಲೆ ಬಣ್ಣದಲ್ಲಿ ಈ ಹೊಸ ಹುಡುಗಿಯನ್ನು ನೋಡಿದರೆ ಬಿಡುತ್ತಾರಾ? ಎಂಜಿಆರ್ ಜೊತೆಗೇ 26 ಸಿನಿಮಾ ಆದವು. ಮರುವರ್ಷ ಶ್ರೀಧರ್ ಅವರ 'ಕಲ್ಯಾಣ ಪರಿಸು' ಬಂದು, ಇವರಿಗೆ ನಟನೆಯೂ ಬರುತ್ತೆ ಅಂತ ಎಲ್ಲರೂ ಒಪ್ಪಿಕೊಂಡರು.

ಚನ್ನಪಟ್ಟಣ_ಕಡೆಯವ

ಹಳೇ ಟಾಕೀಸು ಅವರೇ, ಮದ್ರಾಸಿನ ಮಾತು ಸರಿ, ಆದರೆ ದುಡ್ಡಿನ ಮಾತು ಯಾಕೆ ಬಿಟ್ಟಿರಿ? ತಮಿಳು ಮಾರುಕಟ್ಟೆ ದೊಡ್ಡದು, ಸಂಭಾವನೆ ದೊಡ್ಡದು. ಅದರಲ್ಲಿ ತಪ್ಪೇನೂ ಇಲ್ಲ. ಅವರ ತಂದೆ ಭೈರಪ್ಪ ಪೊಲೀಸ್ ಇಲಾಖೆಯಲ್ಲಿದ್ದವರು, ಹಿಂದೆ ಸಿನಿಮಾ ಮನೆತನ ಅಂತ ಏನೂ ಇರಲಿಲ್ಲ. ತಾಯಿ ರುದ್ರಮ್ಮ ಮಾತ್ರ ಕಟ್ಟುನಿಟ್ಟು. ಈಜುಡುಗೆ ಬೇಡ, ತೋಳಿಲ್ಲದ ರವಿಕೆ ಬೇಡ ಅಂದರು, ಮಗಳು ಕೊನೆವರೆಗೂ ಹಾಗೇ ನಡೆದುಕೊಂಡರು. ಮೂರ್ನಾಲ್ಕು ಭಾಷೆಯಲ್ಲಿ ನಾಯಕಿ ಆಗಿದ್ದಾಗಲೂ.

ಮತ್ತೆ "ಅಲ್ಲೊಂದು ಇಲ್ಲೊಂದು" ಅಂದಿರಲ್ಲ, ಆ ಅಲ್ಲೊಂದು ಇಲ್ಲೊಂದು ಯಾವುವು ನೋಡಿ. 1964ರ 'ಅಮರಶಿಲ್ಪಿ ಜಕಣಾಚಾರಿ', ಕನ್ನಡದ ಮೊದಲ ಪೂರ್ತಿ ಬಣ್ಣದ ಚಿತ್ರ. 1967ರಲ್ಲಿ ಎಂಜಿನಿಯರ್ ಶ್ರೀಹರ್ಷ ಅವರನ್ನು ಮದುವೆಯಾದರು. ಆಗಿನ ಕಾಲಕ್ಕೆ ಮದುವೆ ಅಂದರೆ ನಾಯಕಿಯ ಕಥೆ ಮುಗೀತು ಅಂತಲೇ ಲೆಕ್ಕ. ಇವರದ್ದು ಮುಗಿಯಲಿಲ್ಲ, 1969ರಲ್ಲಿ ಪುಟ್ಟಣ್ಣನವರ 'ಮಲ್ಲಮ್ಮನ ಪವಾಡ' ಮಾಡಿದರು, ಪದ್ಮಶ್ರೀಯೂ ಅದೇ ವರ್ಷ ಬಂತು. ನನ್ನ ಕೇಳಿದರೆ ಅವರ ಕನ್ನಡದ ಒಳ್ಳೇ ಕೆಲಸ ಅದೇ, ಚೆನ್ನಮ್ಮ ಅಲ್ಲ. ಬೈಯ್ಯುವವರು ಬೈಯ್ಯಿರಿ. 1977ರ 'ಬಬ್ರುವಾಹನ'ದಲ್ಲಿ ಚಿತ್ರಾಂಗದೆ. ಗಂಡ ಅರ್ಜುನನೂ ರಾಜ್‌ಕುಮಾರ್, ಮಗ ಬಬ್ರುವಾಹನನೂ ರಾಜ್‌ಕುಮಾರ್! ಒಂದೇ ಮುಖಕ್ಕೆ ಒಂದು ಸಲ ಹೆಂಡತಿಯಾಗಿ, ಒಂದು ಸಲ ತಾಯಿಯಾಗಿ ನೋಡಬೇಕು. ಅವರು ಹೇಗೆ ನೋಡುತ್ತಾರೆ ಅನ್ನುವುದಕ್ಕಾದರೂ ಅದನ್ನು ಮತ್ತೆ ನೋಡಿ.

2025ರ ಜುಲೈ 14ಕ್ಕೆ ಮಲ್ಲೇಶ್ವರದ ಮನೆಯಲ್ಲಿ ತೀರಿಕೊಂಡರು. ಮಾರನೇ ದಿನ ನಮ್ಮ ತಾಲ್ಲೂಕಿನ ದಶವಾರಕ್ಕೆ ತಂದು ಮಣ್ಣು ಮಾಡಿದರು, ಅವರ ಹಿರಿಯರ ಊರು ಅದು. ಚೆನ್ನೈನಲ್ಲಿ ಅಲ್ಲ, ಬೆಂಗಳೂರಲ್ಲೂ ಅಲ್ಲ. ಕರ್ನಾಟಕ ರತ್ನ ಘೋಷಿಸಿದ್ದು ಅದಾಗಿ ಎರಡು ತಿಂಗಳಿಗೆ. ಪದ್ಮಭೂಷಣ 1992ರಲ್ಲೇ ಬಂದಿತ್ತು, ನಮ್ಮವರು ಕೊಡಲು 33 ವರ್ಷ ಜಾಸ್ತಿ ಹಿಡಿಯಿತು. ಯಾರು ಯಾರನ್ನು ಬಿಟ್ಟರು ಅಂತ ಅಜ್ಜಿಯನ್ನೇ ಕೇಳಿ.

ಗಾಂಧಿಬಜಾರ್_ಕಾಫಿ

ಎಲ್ಲರಿಗೂ ಥ್ಯಾಂಕ್ಸ್. ಅಜ್ಜಿಗೆ ಎಲ್ಲವನ್ನೂ ಓದಿ ಹೇಳಿದೆ. ದುಡ್ಡಿನ ಮಾತಿಗೆ ತಲೆ ಆಡಿಸಿದರು, ಮದ್ರಾಸಿನ ಮಾತಿಗೆ "ಹೂಂ" ಅಂದರು, ಮಲ್ಲಮ್ಮನೇ ಮೇಲು ಅಂದವರ ಮೇಲೆ ಮಾತ್ರ ಸಿಟ್ಟು ಬಂದಿದೆ.

ಆಮೇಲೆ ಒಳಗೆ ಹೋಗಿ ತಮ್ಮ ಮದುವೆ ಫೋಟೋ ತಂದರು. ಅವರದ್ದೂ 1967ರಲ್ಲೇ. ತಲೆ ಮೇಲೆ ಎತ್ತರದ ಕೊಂಡೆ, ಕಣ್ಣಿನ ಕೊನೆಗೆ ಬಾಲ ಎಳೆದ ಕಾಡಿಗೆ. ಇದು ಯಾರ ಥರ ಅಂದರೆ ನಕ್ಕರು. ಸರೋಜಾದೇವಿಯ 'ಅನ್ಬೇ ವಾ' ಬಂದಾಗ ಅಕ್ಕತಂಗಿಯರು ಸೇರಿಕೊಂಡು ಮೂರು ಸಲ ನೋಡಿದ್ದರಂತೆ, ಆ ಕೊಂಡೆ ಅಲ್ಲಿಂದ ಕಲಿತದ್ದಂತೆ.

"ಅಜ್ಜಿ, ಅದು ತಮಿಳು ಸಿನಿಮಾ ಅಲ್ವಾ?" ಅಂದೆ.

"ಸುಮ್ನಿರು, ಕಾಫಿಗೆ ಹಾಲಿಡು" ಅಂದರು.